ನೆರಿಗೆ ಮುಖದ ನಾಯಿಗೆ ಎಣ್ಣೆ ಹಚ್ಚಬೇಡಿ

ಪ್ರಶ್ನೆ: ನಮ್ಮ ಮೂರು ವರ್ಷದ ಫ್ರೆಂಚ್ ಮ್ಯಾಸ್ಟಿಫ್‌ನ ಮುಖದ ನೆರಿಗೆಗಳು ಕೆಂಪಾಗಿ ನಾರುತ್ತಿವೆ. ದಿನವೂ ಅರಿಶಿನ ಕಲಸಿದ ತೆಂಗಿನೆಣ್ಣೆ ಹಚ್ಚುತ್ತೇವೆ, ವಾರಕ್ಕೆರಡು ಸಲ ಸ್ನಾನ ಮಾಡಿಸುತ್ತೇವೆ. ಏಕೆ ವಾಸಿಯಾಗುತ್ತಿಲ್ಲ?
– ಕೋಡಿಬಾಗ, ಕಾರವಾರ

ಉತ್ತರ: ಆ ಎಣ್ಣೆಯ ದೆಸೆಯಿಂದಲೇ. ಮಳೆ ಹಿಡಿಯಿತೆಂದರೆ ಕಾರವಾರದಿಂದ ಭಟ್ಕಳದವರೆಗೆ ಇದೇ ಪ್ರಶ್ನೆ, ಇದೇ ಎಣ್ಣೆ. ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುವ ಈ ಹವೆಯಲ್ಲಿ ಗಾಳಿಯಾಡದ ಚರ್ಮದ ಮಡಿಕೆಗೆ ಎಣ್ಣೆ ಬಳಿದರೆ ಒಳಗಿನ ತೇವ ಆರುವುದಾದರೂ ಹೇಗೆ? ಆರೋಗ್ಯವಂತ ನಾಯಿಯ ಮೈಮೇಲೂ ಇರುವ ಮಲಸೇಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ), ಜಿಡ್ಡು ಮತ್ತು ತೇವ ಸಿಕ್ಕಲ್ಲಿ ಕೊಬ್ಬುತ್ತದೆ.

ಮೂಗಿನ ಮೇಲಿನ ನೆರಿಗೆಯನ್ನು ಎರಡು ಬೆರಳಿನಿಂದ ಅಗಲಿಸಿ, ತಳವನ್ನು ಬಿಳಿ ಹತ್ತಿಯಿಂದ ಒರೆಸಿ ನೋಡಿ. ಕಂದು ಜಿಡ್ಡು, ಹುಳಿ ವಾಸನೆ ಇದ್ದರೆ ಯೀಸ್ಟ್ ಇರಬಹುದು. ಹಳದಿ ಕೀವು ಇದ್ದರೆ ಬ್ಯಾಕ್ಟೀರಿಯಾ. ಹಲವು ಸಲ ಎರಡೂ ಸೇರಿರುತ್ತವೆ. ಆದ್ದರಿಂದ ಪಶುವೈದ್ಯರು ನೆರಿಗೆಯ ಜಿಡ್ಡಿನ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಔಷಧ ಬರೆಸಿಕೊಳ್ಳಿ. ಮೆಡಿಕಲ್ ಅಂಗಡಿಯವರು ಕೈಗಿಡುವ ಸ್ಟಿರಾಯ್ಡ್ ಮಿಶ್ರಿತ ಮುಲಾಮು ಬೇಡವೇ ಬೇಡ. ಎರಡು ದಿನ ಕೆಂಪು ಇಳಿಯುತ್ತದೆ, ನೀವು ಹಿಗ್ಗುತ್ತೀರಿ. ಹಚ್ಚುತ್ತಾ ಹೋದಂತೆ ಚರ್ಮ ತೆಳುವಾಗುತ್ತದೆ, ಸೋಂಕು ಒಳಗೊಳಗೇ ಬಲಿಯುತ್ತದೆ.

ಮಳೆಗಾಲದಲ್ಲಿ ದಿನಕ್ಕೊಮ್ಮೆ, ನಾಯಿಗೆಂದೇ ಬರುವ ಸೋಂಕುನಿವಾರಕ ಕ್ಲೋರ್‌ಹೆಕ್ಸಿಡಿನ್ ವೈಪ್ಸ್‌ನಿಂದ ಪ್ರತಿ ನೆರಿಗೆಯ ತಳ ಒರೆಸಿ. ಕೂಡಲೇ ಒಣ ಹತ್ತಿಬಟ್ಟೆ ಒತ್ತಿ ತೇವ ಹೀರಿ, ತಿಕ್ಕಬೇಡಿ. ಒಣಗಿಸಲು ಪುರಸೊತ್ತಿಲ್ಲದಿದ್ದರೆ ಒರೆಸಲೂ ಹೋಗಬೇಡಿ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ ತಗುಲಿದರೆ ಅದರ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಹಾನಿ. ಕಣ್ಣಿನ ಸುತ್ತ ಸಲೈನ್ ಸಾಕು. ಊಟ, ನೀರು ಆದ ಮೇಲೆ ಜೋಲುತುಟಿ, ಗಂಗೆದೊಗಲು ಒರೆಸಿ. ಪೌಡರ್ ಉದುರಿಸಬೇಡಿ, ತೇವಕ್ಕೆ ಹೆಪ್ಪುಗಟ್ಟಿ ಉಜ್ಜುತ್ತದೆ.

ವಾರಕ್ಕೆರಡು ಸ್ನಾನ ತಪ್ಪಲ್ಲ. ಒದ್ದೆ ನಾಯಿಯನ್ನು ಜಗಲಿಯಲ್ಲಿ ಕಟ್ಟಿಬಿಡುವುದು ತಪ್ಪು. ಔಷಧಿಯ ಶಾಂಪೂ ಮೈಮೇಲೆ 10 ನಿಮಿಷ ಇರಬೇಕು, ಗಡಿಯಾರ ನೋಡಿಕೊಳ್ಳಿ. ಇಷ್ಟಾದರೂ ಮುಖ ಒದ್ದೆಯಾಗಿಯೇ ಇದ್ದರೆ ಕಣ್ಣು ತೋರಿಸಿ. ನೆರಿಗೆ ಮುಖದ ತಳಿಗಳಲ್ಲಿ ರೆಪ್ಪೆ ಒಳಕ್ಕೆ ಮಡಚಿ ಸದಾ ನೀರು ಸುರಿಯುವುದುಂಟು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಆಗಬೇಕು.

ಪ್ರಶ್ನೆ: ಕಜ್ಜಿಗೆ ಹಳೆಯ ಎಂಜಿನ್ ಆಯಿಲ್ ಒಳ್ಳೆಯದಂತೆ, ಹೌದೇ?
– ಶಿರಸಿ

ಉತ್ತರ: ಅದು ವಿಷ. ನಾಯಿ ಮೈ ನೆಕ್ಕುತ್ತದೆ ಎಂಬುದು ನಿಮಗೆ ಗೊತ್ತಿಲ್ಲವೇ? ಚರ್ಮ ಕೆರೆದು ಪರೀಕ್ಷಿಸಿದರೆ ಕಜ್ಜಿಗೆ ಕಾರಣ ಯಾವ ನುಸಿ ಎಂದು ತಿಳಿಯುತ್ತದೆ; ಅದಕ್ಕೆ ನುಂಗುವ ಮಾತ್ರೆಗಳಿವೆ. ಆಯಿಲ್ ಹೇಳಿಕೊಟ್ಟವರ ಬಳಿ ಮತ್ತೆ ಹೋಗಬೇಡಿ.

ಪ್ರಶ್ನೆ: ಸೆಕೆಗೆ ಮ್ಯಾಸ್ಟಿಫ್ ನಾಯಿಯ ಕೂದಲು ಬೋಳಿಸಬಹುದೇ?
– ಕುಮಟಾ

ಉತ್ತರ: ಇಷ್ಟು ಗಿಡ್ಡ ಕೂದಲಲ್ಲಿ ಬೋಳಿಸುವುದೇನಿದೆ? ಬೇಡ. ರಬ್ಬರ್ ಬ್ರಷ್ ಸಾಕು.

ಪ್ರಶ್ನೆ: ಟಾಗೋರ್ ಕಡಲತೀರದಲ್ಲಿ ಸಮುದ್ರಸ್ನಾನ ಮಾಡಿಸಿದರೆ ಹುಣ್ಣು ಮಾಯುತ್ತದೆಯೇ?
– ಕಾರವಾರ

ಉತ್ತರ: ಇಲ್ಲ. ಉಪ್ಪು, ಮರಳು ನೆರಿಗೆಯಲ್ಲಿ ಕೂತು ಇನ್ನಷ್ಟು ಕೆರಳಿಸುತ್ತವೆ.

ಪ್ರಶ್ನೆ: ತೋಟ ಸುತ್ತಿ ಬಂದ ನಾಯಿಯ ಉಣುಗನ್ನು ಕಿತ್ತು ಉಗುರಿನಲ್ಲಿ ಕುಕ್ಕುತ್ತೇವೆ. ಸಾಲದೇ?
– ಸಿದ್ದಾಪುರ

ಉತ್ತರ: ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡ ತಾಲ್ಲೂಕಿನವರು ಇದನ್ನು ಕೇಳುವುದೇ? ಕೈಗವಸು ಹಾಕಿ, ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಸ್ಪಿರಿಟ್ ತುಂಬಿದ ಶೀಶೆಗೆ ಹಾಕಿ. ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ.