ಊಟಕ್ಕೆ ಬಾರದವರ ಕ್ರಿಸ್‌ಮಸ್ ಹಾಡುಗಳು

ಕ್ಯಾಸೆಟ್ ಅಂಗಡಿ: ಓದುಗರ ಪ್ರಶ್ನೆ, ಅಂಗಡಿಯವನ ಉತ್ತರ

ಪ್ರಶ್ನೆ: ನಾನು ಮಾಲ್ ಒಂದರ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಿಸೆಂಬರ್ ಬಂತೆಂದರೆ ಅದೇ ಐದಾರು ಕ್ರಿಸ್‌ಮಸ್ ಹಾಡುಗಳು ಬೆಳಗಿನಿಂದ ರಾತ್ರಿಯವರೆಗೆ ಸುತ್ತುತ್ತಲೇ ಇರುತ್ತವೆ. ಬೇರೆ ಬೇರೆ ಬಗೆಯ ಸಂಗೀತದಲ್ಲಿ, ಹೆಚ್ಚು ಜನ ಕೇಳದ ಹಾಡುಗಳಿದ್ದರೆ ಹೇಳಿ.
ಮಂಗಳೂರಿನ ಓದುಗರು

ಉತ್ತರ: ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ತಾಯಿ. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು ನಾನು. ಬೋನಿ ಎಂ ತಂಡದ 1981ರ ಕ್ರಿಸ್‌ಮಸ್ ಕ್ಯಾಸೆಟ್ ಡಿಸೆಂಬರ್‌ನಲ್ಲಿ ಅಕ್ಕಿಯಂತೆ ಖರ್ಚಾಗುತ್ತಿತ್ತು. ಗಿರಾಕಿ ಬಂದಾಗಲೆಲ್ಲ ಅದನ್ನೇ ಹಾಕಬೇಕು. ತಿಂಗಳ ಕೊನೆಗೆ ಅದರ ಡ್ರಮ್ಮಿನ ಸದ್ದು ಕನಸಿನಲ್ಲೂ ಬರುತ್ತಿತ್ತು.

ಹಾಗೆ ಕೇಳಿ ಕೇಳಿ ನನಗೊಂದು ಅಳತೆಗೋಲು ಸಿಕ್ಕಿತು. ಎಲ್ಲರೂ ಊಟಕ್ಕೆ ಕುಳಿತು ನಗುತ್ತಿರುವ ಹಬ್ಬದ ಹಾಡು ಬೇಗ ಹಳಸುತ್ತದೆ. ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಇರುವ ಹಾಡು ಹಳಸುವುದಿಲ್ಲ. ಮಾಲ್‌ನವರು ಹಾಕುವುದೆಲ್ಲ ಮೊದಲನೆಯ ಜಾತಿ. ಖಾಲಿ ಎಲೆ ಕಂಡರೆ ಯಾರೂ ಬಟ್ಟೆ ಕೊಳ್ಳುವುದಿಲ್ಲವಲ್ಲ!

ಬ್ಲೂಸ್‌ನಿಂದ ಶುರು ಮಾಡಿ. ಪಿಯಾನೊ ವಾದಕ ಲಿರಾಯ್ ಕಾರ್ 1929ರಲ್ಲೇ ಜೈಲಿನಲ್ಲಿ ಕಳೆಯುವ ಕ್ರಿಸ್‌ಮಸ್ ಬಗ್ಗೆ ಹಾಡಿದ್ದ. ಚಾರ್ಲ್ಸ್ ಬ್ರೌನ್ 1960ರಲ್ಲಿ ಹಾಡಿದ 'ಪ್ಲೀಸ್ ಕಮ್ ಹೋಮ್ ಫಾರ್ ಕ್ರಿಸ್‌ಮಸ್' ಕೇಳಿ. ಹದಿನೆಂಟು ವರ್ಷದ ನಂತರ ಈಗಲ್ಸ್ ತಂಡ ಅದನ್ನು ಮತ್ತೆ ಹಾಡಿ ಹೆಸರು ಮಾಡಿತು. ಆದರೆ ಬ್ರೌನ್‌ನ ದನಿಯಲ್ಲಿ ಅಳುವಿಲ್ಲ, ಬೇಡಿಕೆಯೂ ಇಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಕರೆಯುವವನ ಸಮಾಧಾನವಿದೆ. ಅದು ನನಗೆ ಹೆಚ್ಚು.

ಕಂಟ್ರಿ ಸಂಗೀತದಲ್ಲಿ ಮೆರ್ಲ್ ಹ್ಯಾಗಾರ್ಡ್‌ನ 1973ರ ಹಾಡು, 'ಇಫ್ ವಿ ಮೇಕ್ ಇಟ್ ಥ್ರೂ ಡಿಸೆಂಬರ್'. ಕಾರ್ಖಾನೆಯಿಂದ ಕೆಲಸ ಕಳೆದುಕೊಂಡ ಅಪ್ಪ. ಈ ಸಲ ಹಬ್ಬ ಏಕಿಲ್ಲವೆಂದು ಪುಟ್ಟ ಮಗಳಿಗೆ ತಿಳಿಯದು. ಹಬ್ಬದ ತಿಂಗಳು ಒಮ್ಮೆ ದಾಟಿದರೆ ಸಾಕೆಂದು ಹಾಡುವ ಹಬ್ಬದ ಹಾಡು ಇದು. ಸೋಲ್ ಸಂಗೀತದಲ್ಲಿ ಮಾರ್ವಿನ್ ಗೇ ಇದ್ದಾನೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, 1972ರಲ್ಲಿ, ಸೆರೆಸಿಕ್ಕ ಸೈನಿಕನ ಬಾಯಲ್ಲಿ ಮನೆಗೆ ಹೋಗಬೇಕೆನ್ನುವ ಹಾಡೊಂದನ್ನು ಧ್ವನಿಮುದ್ರಿಸಿದ. ಅದು ಹೊರಬಂದದ್ದು 1990ರಲ್ಲಿ. ಅಷ್ಟರಲ್ಲಿ ಗೇ ಸತ್ತು ಆರು ವರ್ಷವಾಗಿತ್ತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಆಸ್ಟ್ರೇಲಿಯಾದ ಪಾಲ್ ಕೆಲ್ಲಿ 1996ರಲ್ಲಿ ಮಾಡಿದ 'ಹೌ ಟು ಮೇಕ್ ಗ್ರೇವಿ'. ಮೆಲ್ಬರ್ನ್‌ನಲ್ಲಿರುವ ಮಗ ಕಳುಹಿಸಿದ್ದ. ಇದೊಂದು ಪತ್ರ. ಜೋ ಎಂಬ ಕೈದಿ ಡಿಸೆಂಬರ್ 21ರಂದು ಡ್ಯಾನ್ ಎಂಬವನಿಗೆ ಜೈಲಿನಿಂದ ಬರೆಯುತ್ತಾನೆ. ಯಾರು ಯಾರು ಹಬ್ಬಕ್ಕೆ ಬರುತ್ತಿದ್ದಾರೆ, ಯಾರು ಕಾರಿನಲ್ಲಿ, ಯಾರು ವಿಮಾನದಲ್ಲಿ ಎಂದು ವಿಚಾರಿಸುತ್ತಾನೆ. ಅಲ್ಲಿ ಅದು ಬೇಸಿಗೆ. ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಮಾಂಸದ ರೋಸ್ಟ್ ತಪ್ಪುವುದಿಲ್ಲ. ಇಷ್ಟು ವರ್ಷ ಅದರ ಜೊತೆಗಿನ ಗ್ರೇವಿ ಮಾಡುತ್ತಿದ್ದವನು ತಾನು. ಈಗ ಯಾರು ಮಾಡುತ್ತಾರೆ ಎನ್ನುವುದೇ ಅವನ ದೊಡ್ಡ ಚಿಂತೆ. ಹಿಟ್ಟು, ಉಪ್ಪು, ಸ್ವಲ್ಪ ಕೆಂಪು ವೈನ್ ಹಾಕು, ಸಿಹಿಗೂ ಹುಳಿಗೂ ಟೊಮೆಟೊ ಸಾಸ್ ಮರೆಯಬೇಡ ಎಂದು ವಿಧಾನ ಹೇಳುತ್ತಾನೆ. ಹೇಳುತ್ತ ಹೇಳುತ್ತ ಹೆಂಡತಿಯ ವಿಷಯ ಬರುತ್ತದೆ. ಊಟವಾದ ಮೇಲೆ ಎಲ್ಲರೂ ಕುಣಿಯುವಾಗ ಅವಳನ್ನು ನೀನು ತೀರಾ ಹತ್ತಿರ ಹಿಡಿದುಕೊಳ್ಳಬೇಡ ಎನ್ನುವಲ್ಲಿ ದನಿ ನಡುಗುತ್ತದೆ. ಮರುಕ್ಷಣವೇ ಕ್ಷಮೆ ಕೇಳುತ್ತಾನೆ. ಒಳ್ಳೆಯ ನಡತೆ ತೋರಿಸಿದರೆ ಜುಲೈಗೆ ಬಿಡುತ್ತಾರೆ ಎಂಬ ಸುದ್ದಿಯನ್ನೂ ಕೊಡುತ್ತಾನೆ. ಹಾಡಿನಲ್ಲಿ ಪಲ್ಲವಿಯೇ ಇಲ್ಲ. ಪತ್ರಕ್ಕೆ ಪಲ್ಲವಿ ಎಲ್ಲಿರುತ್ತದೆ?

ಆಸ್ಟ್ರೇಲಿಯಾದ ಜನ ಈಗ ಡಿಸೆಂಬರ್ 21ನ್ನು ಗ್ರೇವಿ ದಿನ ಎಂದೇ ಕರೆಯುತ್ತಾರೆ. ನಿಮ್ಮ ಮಾಲ್‌ನಲ್ಲಿ ಇದನ್ನು ಹಾಕಿಸಲು ಪ್ರಯತ್ನಿಸಬೇಡಿ. ಮನೆಗೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟು ಸಿಕ್ಕಾಗ ಕೇಳಿ.

ಪ್ರಶ್ನೆ: ಚಿಕ್ಕವನಿದ್ದಾಗ ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆ ತಂಡದ ಹಿಂದೆ ನಿದ್ದೆಗಣ್ಣಿನಲ್ಲಿ ನಡೆದವನು ನಾನು. ದೀಪ ಹಿಡಿದು ಮನೆ ಮನೆಯ ಮುಂದೆ ಹಾಡುವುದು, ಮನೆಯವರು ದೀಪಕ್ಕೆ ಎಣ್ಣೆ ಹಾಕುವುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಂಥ ಹಾಡಿಕೆ ಬೇರೆ ದೇಶಗಳ ಹಬ್ಬದಲ್ಲಿ ಇದೆಯೇ?
ತೀರ್ಥಹಳ್ಳಿಯ ಓದುಗರು

ಉತ್ತರ: ಇದೆ ಸ್ವಾಮಿ. ಹೆಸರು ಕೇಳಿದರೆ ಬೆಚ್ಚಿಬೀಳುತ್ತೀರಿ: ಅಸಾಲ್ಟೊ! ಸ್ಪ್ಯಾನಿಷ್‌ನಲ್ಲಿ ಅದಕ್ಕೆ ದಾಳಿ ಎಂದೇ ಅರ್ಥ.

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಪದ್ಧತಿ ಇದು. ಕ್ರಿಸ್‌ಮಸ್ ಕಾಲದಲ್ಲಿ ಊರು ಮಲಗಿದ ಮೇಲೆ ಹತ್ತಾರು ಜನ ಒಬ್ಬ ಗೆಳೆಯನ ಬಾಗಿಲ ಮುಂದೆ ಕಳ್ಳರಂತೆ ಸದ್ದಿಲ್ಲದೆ ಸೇರುತ್ತಾರೆ. ಕೈಸನ್ನೆಯಾದೊಡನೆ ತಂತಿವಾದ್ಯ, ಗಿರಗಟ್ಟೆ, ಹಾಡು ಎಲ್ಲ ಒಟ್ಟಿಗೆ ಸಿಡಿಯುತ್ತವೆ. ಮನೆಯವರು ಎದ್ದು ಬಾಗಿಲು ತೆರೆದು ತಿನ್ನಲು, ಕುಡಿಯಲು ಕೊಡಬೇಕು. ಅಲ್ಲಿಗೆ ಮುಗಿಯಲಿಲ್ಲ, ನಿದ್ದೆ ಕೆಟ್ಟ ಆ ಮನೆಯವರೂ ತಂಡ ಸೇರಿ ಮುಂದಿನ ಮನೆಯ ನಿದ್ದೆ ಕೆಡಿಸಲು ಹೊರಡುತ್ತಾರೆ. ಹೀಗೆ ಬೆಳೆಯುತ್ತ ಬೆಳೆಯುತ್ತ ಬೆಳಗಿನ ಜಾವ ಕೊನೆಯ ಮನೆಯಲ್ಲಿ ಕೋಳಿ ಹಾಕಿದ ಗಂಜಿಯಂಥ ಅನ್ನದ ಊಟ. ನಿಮ್ಮಲ್ಲಿ ದೀಪ ಆರಬಾರದು, ಅವರಲ್ಲಿ ಸದ್ದು ಆರಬಾರದು.

ಈ ಹಾಡಿಕೆ ನ್ಯೂಯಾರ್ಕ್‌ನ ಸಾಲ್ಸಾ ಸಂಗೀತಕ್ಕೆ ಹತ್ತಿದ್ದು 'ಅಸಾಲ್ಟೊ ನವಿಡೇನ್ಯೊ' ಎಂಬ 1970ರ ಹಾಡಿನ ತಟ್ಟೆಯಲ್ಲಿ. ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುವ ವಿಲ್ಲಿ ಕೊಲೋನ್‌ಗೆ ಆಗ ಇಪ್ಪತ್ತರ ಪ್ರಾಯ. ಹುಟ್ಟಿದ್ದೂ ಬೆಳೆದದ್ದೂ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ಗಾಯಕ ಹೆಕ್ಟರ್ ಲವೊ ಹದಿನಾರರ ಹರೆಯದಲ್ಲಿ ಪೋರ್ಟೊ ರಿಕೊ ಬಿಟ್ಟು ಬಂದವನು. ಹಳ್ಳಿಯ ಹಬ್ಬವನ್ನು ಬಿಟ್ಟು ಬಂದವರೂ, ಆ ಹಬ್ಬವನ್ನು ಅಪ್ಪ ಅಮ್ಮನ ಬಾಯಲ್ಲಿ ಕೇಳಿಯಷ್ಟೇ ಬೆಳೆದವರೂ ಕೂಡಿ ಮಾಡಿದ ಹಾಡುಗಳು ಇವು. ಯೋಮೊ ಟೋರೊ ಅದರಲ್ಲಿ ಕ್ವಾತ್ರೊ ನುಡಿಸಿದ್ದಾನೆ. ಕ್ವಾತ್ರೊ ಎಂದರೆ ನಾಲ್ಕು. ಆದರೆ ಈ ವಾದ್ಯಕ್ಕೆ ತಂತಿ ಹತ್ತು! ನಗರದ ಒರಟು ಟ್ರಾಂಬೋನಿನ ನಡುವೆ ಆ ಹಳ್ಳಿಯ ತಂತಿ ಕಿಣಿಕಿಣಿ ಎಂದಾಗ, ಸ್ಪ್ಯಾನಿಷ್ ಬಾರದ ನನಗೂ ಯಾರೋ ಬಾಗಿಲು ತಟ್ಟಿದಂತೆನಿಸುತ್ತದೆ.

ಪ್ರಶ್ನೆ: ನಾನು ಸಿತಾರ್ ಕಲಿತವಳು. ಮಗ ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದೇ ತುಣುಕನ್ನು ಮನೆ ಅದುರುವಂತೆ ಬಾರಿಸುತ್ತಾನೆ. ಕೇಳಿದರೆ ಕ್ರಿಸ್‌ಮಸ್ ಹಾಡು, 'ಕ್ಯಾರಲ್ ಆಫ್ ದಿ ಬೆಲ್ಸ್' ಎನ್ನುತ್ತಾನೆ. ನಿಜವೇ?
ಧಾರವಾಡದ ಓದುಗರು

ಉತ್ತರ: ಅರ್ಧ ನಿಜ ಅಕ್ಕಾ. ಮೊದಲು ಸಿತಾರ್ ತೆಗೆದುಕೊಂಡು ಕೋಮಲ ಗಾಂಧಾರದಲ್ಲಿ ಗ-ರಿ-ಗ-ಸ ನುಡಿಸಿ. ಮತ್ತೆ ಅದನ್ನೇ, ಮತ್ತೆ ಅದನ್ನೇ. ಇಷ್ಟೇ ಬೀಜ. ಮೂರೇ ಸ್ವರದ ಈ ತುಣುಕಿನ ಮೇಲೆ ಇಡೀ ಹಾಡು ನಿಂತಿದೆ.

ಮೂಲದಲ್ಲಿ ಇದರಲ್ಲಿ ಗಂಟೆಯೂ ಇಲ್ಲ, ಕ್ರಿಸ್ತನೂ ಇಲ್ಲ. ಉಕ್ರೇನ್‌ನ ಹಳ್ಳಿಗಳಲ್ಲಿ ಹೊಸ ವರ್ಷಕ್ಕೆ ಹಾಡುತ್ತಿದ್ದ 'ಶ್ಚೆದ್ರಿಕ್' ಇದು. ಒಂದು ಕವಲುತೋಕೆ ಹಕ್ಕಿ ಮನೆಗೆ ಹಾರಿ ಬಂದು, ಯಜಮಾನನೇ ಹೊರಗೆ ಬಾ, ಕೊಟ್ಟಿಗೆ ನೋಡು, ಕುರಿ ಮರಿ ಹಾಕಿದೆ ಎಂದು ಕರೆಯುತ್ತದೆ. ಅಷ್ಟೇ ವಿಷಯ. ಮಿಕೊಲಾ ಲಿಯೊಂತೊವಿಚ್ ಎಂಬ ಸಂಗೀತಗಾರ ಅದನ್ನು ಗುಂಪುಗಾಯನಕ್ಕೆ ಹೆಣೆದ. 1916ರ ಡಿಸೆಂಬರ್‌ನಲ್ಲಿ ಕೀವ್‌ನ ವಿದ್ಯಾರ್ಥಿಗಳು ಮೊದಲ ಸಲ ಹಾಡಿದರು.

ಮುಂದಿನದು ಕೇಳಲು ಕಷ್ಟ. 1921ರ ಜನವರಿಯಲ್ಲಿ ಲಿಯೊಂತೊವಿಚ್ ಅಲ್ಲಿನ ಪಂಚಾಂಗದ ಕ್ರಿಸ್‌ಮಸ್‌ಗೆಂದು ತಂದೆ ತಾಯಿಯ ಮನೆಗೆ ಹೋಗಿದ್ದ. ರಾತ್ರಿ ಉಳಿಯಲು ಜಾಗ ಕೇಳಿಕೊಂಡು ಒಬ್ಬ ಬಂದ, ಜಾಗ ಕೊಟ್ಟರು. ಅವನು ಸೋವಿಯತ್ ಗುಪ್ತ ಪೊಲೀಸರ ಏಜೆಂಟ್. ಬೆಳಗಿನ ಜಾವ ಲಿಯೊಂತೊವಿಚ್‌ಗೆ ಗುಂಡಿಟ್ಟ. ಮರುವರ್ಷ, 1922ರ ಅಕ್ಟೋಬರ್‌ನಲ್ಲಿ, ಉಕ್ರೇನ್‌ನ ಗಾಯನ ತಂಡ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಈ ಹಾಡು ಹಾಡಿತು. ಅದಕ್ಕೆ ಇಂಗ್ಲಿಷಿನ ಗಂಟೆಗಳನ್ನು ಕಟ್ಟಿದ್ದು 1936ರಲ್ಲಿ, ಪೀಟರ್ ವಿಲ್ಹೌಸ್ಕಿ.

ನಿಮ್ಮ ಮಗ ಬಾರಿಸುತ್ತಿರುವುದು ಬಹುಶಃ ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾದ 1996ರ ರೂಪ. ಮುತ್ತಿಗೆಯಲ್ಲಿದ್ದ ಬೋಸ್ನಿಯಾದ ಸರಾಯೇವೊ ನಗರದಲ್ಲಿ ಸೆಲ್ಲೊ ನುಡಿಸುತ್ತಿದ್ದ ಕಲಾವಿದನ ಕಥೆಯಿಂದ ಹುಟ್ಟಿದ ಮೆಟಲ್ ಸಂಗೀತ ಅದು. ಮೆಟಲ್ ನನಗೆ ಒಗ್ಗದು, ಒಪ್ಪಿಕೊಳ್ಳುತ್ತೇನೆ. ಆದರೆ ಈ ಹಾಡಿಗೆ ಆ ಗದ್ದಲ ಸಲ್ಲುತ್ತದೆ. ಮಗನನ್ನು ಬೈಯಬೇಡಿ, ಜೊತೆಗೆ ಗ-ರಿ-ಗ-ಸ ನುಡಿಸಿ.

ಪ್ರಶ್ನೆ: ರ್‍ಯಾಪ್‌ನಲ್ಲಿ ಒಳ್ಳೆಯ ಕ್ರಿಸ್‌ಮಸ್ ಹಾಡು ಇದೆಯೇ, ಅಥವಾ ನೀವು ರ್‍ಯಾಪ್ ಕೇಳುವುದೇ ಇಲ್ಲವೇ?
ಬೆಂಗಳೂರಿನ ವಿದ್ಯಾರ್ಥಿ

ಉತ್ತರ: ಕೇಳುತ್ತೇನಪ್ಪ. ರನ್-ಡಿಎಂಸಿಯವರ 1987ರ 'ಕ್ರಿಸ್‌ಮಸ್ ಇನ್ ಹೋಲಿಸ್'. ಹೋಲಿಸ್ ಎಂಬುದು ನ್ಯೂಯಾರ್ಕ್‌ನಲ್ಲಿ ಅವರು ಬೆಳೆದ ಬಡಾವಣೆ. ಪಾರ್ಕಿನಲ್ಲಿ ಸಾಂಟಾನ ಪರ್ಸ್ ಸಿಗುತ್ತದೆ, ಒಳಗೆ ಹತ್ತು ಲಕ್ಷ ಡಾಲರ್. ಸಾಂಟಾನಿಂದ ಕದಿಯಲಾದೀತೇ ಎಂದು ಹುಡುಗ ಹಿಂದಿರುಗಿಸಲು ಹೊರಡುತ್ತಾನೆ. ಎರಡನೆಯವನು ಅಮ್ಮ ಅಡುಗೆಮನೆಯಲ್ಲಿ ಕೋಳಿ, ಸೊಪ್ಪು ಬೇಯಿಸುತ್ತಿರುವುದನ್ನು ಹಾಡುತ್ತಾನೆ. ಇಲ್ಲಿ ಎಲ್ಲ ಎಲೆಗಳೂ ತುಂಬಿವೆ, ಆದರೂ ಹಳಸಿಲ್ಲ. ನನ್ನ ಅಳತೆಗೋಲು ಮುರಿದದ್ದು ಇಲ್ಲೊಂದೇ ಕಡೆ. ಹಿನ್ನೆಲೆಯ ಕೊಂಬಿನ ಸದ್ದು ಕ್ಲಾರೆನ್ಸ್ ಕಾರ್ಟರ್‌ನ 1968ರ 'ಬ್ಯಾಕ್ ಡೋರ್ ಸಾಂಟಾ'ದಿಂದ ಎತ್ತಿಕೊಂಡದ್ದು. ಆ ಸಾಂಟಾ ಹಿತ್ತಲ ಬಾಗಿಲಿನಿಂದ ಏಕೆ ಬರುತ್ತಾನೆ ಎಂದು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವಿವರಿಸಲಾರೆ.

ಪ್ರಶ್ನೆ: ಅಮೆರಿಕದ ಜಾಝ್ ಗಾಯಕ, ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕ್ರಿಸ್‌ಮಸ್ ಹಾಡುಗಳಲ್ಲಿ ಯಾವುದು ಉತ್ತಮ?
ಹಾಸನದ ಓದುಗರು

ಉತ್ತರ: 1953ರ 'ಝಾಟ್ ಯೂ, ಸಾಂಟಾ ಕ್ಲಾಸ್?' ತಮಾಷೆಯಾಗಿದೆ: ಕತ್ತಲಲ್ಲಿ ಬಾಗಿಲು ಸದ್ದಾದಾಗ ಬಂದದ್ದು ಸಾಂಟಾನೋ ಇನ್ನಾರೋ ಎಂದು ಹೆದರಿದವನ ಹಾಡು. ಆದರೆ ನಾನು ಹೇಳುವುದು ಹಾಡೇ ಅಲ್ಲ. 1971ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್‌ನ ಕರೋನಾ ಬಡಾವಣೆಯ ತನ್ನ ಮನೆಯಲ್ಲಿ ಕುಳಿತು, ಕ್ರಿಸ್‌ಮಸ್ ಹಿಂದಿನ ರಾತ್ರಿಯ ಬಗೆಗಿನ ಮಕ್ಕಳ ಪದ್ಯವೊಂದನ್ನು ಆತ ಟೇಪ್‌ಗೆ ಓದಿದ. ತುತ್ತೂರಿಯಿಲ್ಲ, ವಾದ್ಯಮೇಳವಿಲ್ಲ. ಜಲ್ಲಿಕಲ್ಲು ಉರುಳಿದಂಥ ಆ ದನಿ ಮಾತ್ರ. ಮಾರಾಟಕ್ಕೆಂದು ಅವನು ಮಾಡಿದ ಕೊನೆಯ ಧ್ವನಿಮುದ್ರಣ ಅದು. ಆ ಜುಲೈಯಲ್ಲಿ ತೀರಿಕೊಂಡ.

ಪ್ರಶ್ನೆ: 'ಜಿಂಗಲ್ ಬೆಲ್ಸ್' ಅಸಲಿ ಕ್ರಿಸ್‌ಮಸ್ ಹಾಡು ಎಂದು ಕಳೆದ ತಿಂಗಳು ಬರೆದಿದ್ದೀರಿ. ಅದರಲ್ಲಿ ಕ್ರಿಸ್‌ಮಸ್ ಎಂಬ ಪದವೇ ಇಲ್ಲವಲ್ಲ!
ಪುತ್ತೂರಿನ ನಿವೃತ್ತ ಶಿಕ್ಷಕರು

ಉತ್ತರ: ತಪ್ಪಾಯಿತು ಮೇಷ್ಟ್ರೇ. ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದಾಗ ಅದರ ಹೆಸರೇ ಬೇರೆ. ಒಂಟಿ ಕುದುರೆಯ ಹಿಮಗಾಡಿ ಎನ್ನುವಂಥ ಹೆಸರು. ಹುಡುಗ ಹುಡುಗಿ ಗಾಡಿ ಓಡಿಸುತ್ತಾರೆ, ಗಾಡಿ ಹಿಮದಲ್ಲಿ ಮಗುಚಿಕೊಳ್ಳುತ್ತದೆ, ಅಷ್ಟೇ. ಬೆಂಚಿನ ಮೇಲೆ ನಿಂತಿದ್ದೇನೆ.

ಪ್ರಶ್ನೆ: ಊರಿಗೆಲ್ಲ ಹಾಡು ಹೇಳುತ್ತೀರಿ. ಡಿಸೆಂಬರ್‌ನಲ್ಲಿ ನಿಮ್ಮ ಮನೆಯಲ್ಲಿ ಯಾವುದನ್ನು ಹಾಕುತ್ತೀರಿ?
ಮಂಡ್ಯದ ಓದುಗರು

ಉತ್ತರ: ಅಂಗಡಿ ಮುಚ್ಚಿದ ಮೇಲೆ ನನ್ನ ಬಳಿ ಉಳಿದದ್ದು ಒಂದು ಟೇಪ್‌ರೆಕಾರ್ಡರ್, ನಾಲ್ಕು ರಟ್ಟಿನ ಪೆಟ್ಟಿಗೆ ಕ್ಯಾಸೆಟ್. ಪಾಲ್ ಕೆಲ್ಲಿಯ ಹಾಡು ಅವುಗಳಲ್ಲಿಲ್ಲ, ಅದು ಮೊಬೈಲ್‌ನಲ್ಲಿದೆ. ಡಿಸೆಂಬರ್ 21ರಂದು ಮೆಲ್ಬರ್ನ್‌ನಿಂದ ಮಗ ಫೋನ್ ಮಾಡಿ ಮಾತು ಮುಗಿಸಿದ ಮೇಲೆ ಹಾಕುತ್ತೇನೆ. ನನ್ನ ಹೆಂಡತಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಮೊದಲ ವರ್ಷ ಸಾಲು ಸಾಲಾಗಿ ಅರ್ಥ ಹೇಳಿದ್ದೆ. ಗ್ರೇವಿ ಎಂದಾಗ, ಈರುಳ್ಳಿ ಬಾಡಿಸದೆ ಅದೆಂಥ ಗ್ರೇವಿ ಎಂದು ತಕರಾರು ತೆಗೆದಿದ್ದಳು. ಈಗ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಸುಮ್ಮನೆ ಕೇಳುತ್ತಾಳೆ. ಹಾಡು ಮುಗಿದಾಗ ಪ್ರತಿ ವರ್ಷವೂ ಅದೇ ಪ್ರಶ್ನೆ: "ಆ ಹುಡುಗನನ್ನು ಬಿಟ್ಟರೇನು?"

ಜುಲೈಗೆ ಬಿಡುತ್ತಾರಂತೆ ಎನ್ನುತ್ತೇನೆ.