ಕಿಟಕಿಯಾಚೆಯ ಹಕ್ಕಿ, ಊರಾಚೆಯ ಬಂಡೆ: ಜಲವರ್ಣದ ಪ್ರಶ್ನೆಗಳು

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಅಂಗಳದಲ್ಲಿರುವುದು ಒಂದು ಬೇವಿನ ಮರ, ಎರಡು ದಾಸವಾಳದ ಗಿಡ. ಜಲವರ್ಣ ಶುರುಮಾಡಿ ಎರಡು ವರ್ಷ ಆಯಿತು. ಕೂತರೆ ಏನು ಬರೆಯಬೇಕೆಂದು ತೋಚುವುದಿಲ್ಲ. ಮೊಬೈಲ್‌ನಲ್ಲಿ ಫೋಟೊ ಹುಡುಕಿ ಹಕ್ಕಿ ಬರೆದರೆ ಗೊಂಬೆ ಹಾಗೆ ಕಾಣುತ್ತದೆ.

ಉತ್ತರ: ಬೇವು, ದಾಸವಾಳ ಇದ್ದ ಮೇಲೆ ಇನ್ನೇನು ಬೇಕು? ಸೂರಕ್ಕಿ, ಟುವ್ವಿ ಹಕ್ಕಿ, ಪಿಕಳಾರ ಇಂಥ ಅಂಗಳಕ್ಕೆ ಬರುವ ಹಕ್ಕಿಗಳೇ. ಒಂದು ವಾರ ಬಣ್ಣ ಮುಟ್ಟಬೇಡಿ. ಬೆಳಿಗ್ಗೆ ಆರೂವರೆಯಿಂದ ಏಳೂವರೆವರೆಗೆ ಒಂದೇ ಕಿಟಕಿ, ಒಂದೇ ಕುರ್ಚಿ, 2ಬಿ ಪೆನ್ಸಿಲ್, ಅಗ್ಗದ ನೋಟ್‌ಬುಕ್. ಒಂದು ಗೀಚುಚಿತ್ರಕ್ಕೆ 30 ಸೆಕೆಂಡ್ ಸಾಕು. ಹಕ್ಕಿ ಹಾರಿದರೆ ಅರ್ಧಕ್ಕೆ ಬಿಡಿ, ಅದೇ ಭಂಗಿಗೆ ಮತ್ತೆ ಬಂದಾಗ ಮುಂದುವರಿಸಿ. ಪುಟಕ್ಕೆ ಹತ್ತು ಅರೆಬರೆ ಹಕ್ಕಿ ತುಂಬಿದರೆ ಸರಿಯಾದ ದಾರಿಯಲ್ಲಿದ್ದೀರಿ.

ನೋಡುವುದಕ್ಕೆ ಒಂದು ವಿಷಯ ಕೊಡುತ್ತೇವೆ. ದಾಸವಾಳಕ್ಕೆ ಬಂದ ಸೂರಕ್ಕಿ ಹೂವಿನ ಎದುರಿನಿಂದ ಕೊಕ್ಕು ಹಾಕುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಗಮನಿಸಿ: ಬಹಳ ಸಲ ಅದು ತೊಟ್ಟಿಗೆ ಜೋತುಬಿದ್ದು ಎಸಳಿನ ಬುಡಕ್ಕೇ ಚುಚ್ಚಿ ಮಕರಂದ ಹೀರುತ್ತದೆ. ಹೂವು ಬಾಗುತ್ತದೆ, ಕೇಸರದ ಕಡ್ಡಿ ಪಕ್ಕಕ್ಕೆ ವಾಲುತ್ತದೆ, ಹಕ್ಕಿಯ ಬೆನ್ನು ಬಿಲ್ಲಾಗುತ್ತದೆ. ಚಿತ್ರ ಅಲ್ಲೇ ಇದೆ.

ಗೊಂಬೆಯಂತಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಮೊದಲನೆಯದು ಕಣ್ಣು: ಅದನ್ನು ತಲೆಯ ನಡುಮಧ್ಯೆ ದೊಡ್ಡದಾಗಿ ಇಡುತ್ತೀರಿ. ಅದು ಕೊಕ್ಕು ಸೀಳುವ ಗೆರೆಯ ಹಿಂದೆ, ತುಸು ಮೇಲಕ್ಕೆ ಬರಬೇಕು. ಎರಡನೆಯದು ಕಾಲು. ಹಿಂದಕ್ಕೆ ಮಡಚಿದಂತೆ ಕಾಣುವ ಗೆಣ್ಣು ಹಕ್ಕಿಯ ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಪುಕ್ಕದೊಳಗೆ ಅಡಗಿದೆ. ಮೈಯ ತೂಕದ ನಡುವಿನಿಂದ ನೇರ ಕೆಳಗೆ ಒಂದು ಗೆರೆ ಇಳಿಸಿ, ಪಾದ ಅಲ್ಲೇ ಕೂರಬೇಕು. ತಪ್ಪಿದರೆ ಹಕ್ಕಿ ಮುಗ್ಗರಿಸಿದಂತೆ ಕಾಣುತ್ತದೆ. ಮೂರನೆಯದು ಒಂದೊಂದೇ ಪುಕ್ಕ ಬಿಡಿಸುವ ಚಪಲ. ರೆಕ್ಕೆಯ ಅಂಚಿನಲ್ಲಿ ನಾಲ್ಕೈದು ಗರಿ ಸ್ಪಷ್ಟವಾಗಿರಲಿ, ಉಳಿದದ್ದು ಒದ್ದೆ ಬಣ್ಣದಲ್ಲಿ ಕರಗಲಿ.

ಹಕ್ಕಿಯನ್ನು ಹತ್ತಿರ ತರಬೇಕೆಂದರೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಆಳ ಎರಡು ಇಂಚು ಮೀರದಿರಲಿ, ನಡುವೆ ಒಂದು ಒರಟು ಕಲ್ಲಿರಲಿ. ಪೊದೆಯಿಂದ ಆರೇಳು ಅಡಿ ದೂರ ಇಡಿ, ಇಲ್ಲದಿದ್ದರೆ ಬೆಕ್ಕು ಹೊಂಚುಹಾಕುತ್ತದೆ. ನೀರನ್ನು ದಿನವೂ ಚೆಲ್ಲಿ ಬದಲಿಸಿ. ಸೊಳ್ಳೆಗೆ ನಮ್ಮಲ್ಲಿ ಬರವೇನಿಲ್ಲ.

ಪ್ರಶ್ನೆ: ಒಣಗಿದ ಜಾಲಿ ಮರ, ಬಿರುಕುಬಿಟ್ಟ ನೆಲ, ಕೊಂಬೆಯ ಮೇಲೆ ಹಳದಿ ಗೀಜಗ. ಹೀಗೊಂದು ಬೇಸಿಗೆ ಚಿತ್ರ ಬರೆದೆ. ಹಕ್ಕಿ ಬಲ್ಲವರೊಬ್ಬರು ನೋಡಿ ‘ತಪ್ಪು’ ಅಂದರು. ಚಿತ್ರಕ್ಕೂ ಇಷ್ಟು ಲೆಕ್ಕ ಬೇಕೆ? (ಹರಿಹರ)

ಉತ್ತರ: ಬೇಕು. ಗೀಜಗದ ಗಂಡಿಗೆ ನೆತ್ತಿಯ ಹಳದಿ, ಮುಖದ ಕಪ್ಪುಗಂದು ಬರುವುದು ಗೂಡು ಕಟ್ಟುವ ಕಾಲಕ್ಕೆ, ಅಂದರೆ ಮುಂಗಾರಿಗೆ. ಉಳಿದ ತಿಂಗಳು ಅದೂ ಹೆಣ್ಣಿನಂತೆ ಗುಬ್ಬಚ್ಚಿ ಬಣ್ಣದ್ದೇ. ಅದಕ್ಕೆ ಗೂಡು ನೇಯಲು ಹಸಿ ಹುಲ್ಲು, ಹಸಿ ಗರಿ ಬೇಕಲ್ಲ? ನಿಮ್ಮ ಬಿರುಕು ನೆಲದಲ್ಲಿ ಅದೆಲ್ಲಿ ಸಿಗಬೇಕು! ಹಕ್ಕಿ ಬಲ್ಲವರಿಗೆ ಕುಟುಕಿದ್ದು ಈ ತಾಳಮೇಳದ ಕೊರತೆ.

ಇದನ್ನು ಕಟ್ಟುಪಾಡು ಅಂದುಕೊಳ್ಳಬೇಡಿ, ಋತುಚಿತ್ರಕ್ಕೆ ವಸ್ತು ಸಿಗುವುದೇ ಇಲ್ಲಿ. ಭದ್ರಾ ನಾಲೆಯ ಗದ್ದೆಗಳಲ್ಲಿ ದನದ ಹಿಂದೆ ತಿರುಗುವ ಗೋವಕ್ಕಿ ಬೇಸಿಗೆಯ ಶುರುವಿನಲ್ಲಿ ಅಪ್ಪಟ ಬಿಳಿ. ಮರಿ ಮಾಡುವ ಮಳೆಗಾಲದಲ್ಲಿ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಬಣ್ಣ ಬಳಿದುಕೊಳ್ಳುತ್ತದೆ. ಒಂದೇ ಗದ್ದೆ, ಒಂದೇ ಹಕ್ಕಿಯನ್ನು ಎರಡು ಹಾಳೆಯಲ್ಲಿ ಬರೆದರೆ ಕೆಳಗೆ ತಿಂಗಳ ಹೆಸರು ಹಾಕುವ ಅಗತ್ಯವೇ ಇಲ್ಲ. ಕಪ್ಪು ಸೂರಕ್ಕಿಯ ಗಂಡೂ ಅಷ್ಟೆ: ಮರಿ ಮಾಡುವ ಕಾಲ ಕಳೆದ ಮೇಲೆ ಹೊಳಪು ಉದುರಿ, ಹಳದಿ ಎದೆಯ ನಡುವೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ.

ಈಗಿನ ಚಿತ್ರವನ್ನು ಹರಿಯಬೇಡಿ. ಗೀಜಗದ ಜಾಗಕ್ಕೆ ಕಾಜಾಣವನ್ನೋ ಕಳ್ಳಿಪೀರವನ್ನೋ ಕೂರಿಸಿ. ಒಣ ಜಾಲಿಗೆ ಎರಡೂ ಒಪ್ಪುತ್ತವೆ.

ಪ್ರಶ್ನೆ: ಚಿತ್ರದುರ್ಗದ ಕೋಟೆ ಬಂಡೆ ಬರೆದರೆ ಸಿಮೆಂಟ್ ಗೋಡೆ ಆಗುತ್ತದೆ. ಮಳೆಗಾಲದ ಜೋಗಿಮಟ್ಟಿ ಗುಡ್ಡ ಬರೆದರೆ ಹಸಿರು ಪ್ಲಾಸ್ಟಿಕ್ ಹಾಗೆ. ಮಾರ್ಚ್‌ನಲ್ಲಿ ಹೊರಗೆ ಕೂತರೆ ಬಣ್ಣ ಹಚ್ಚುವಷ್ಟರಲ್ಲೇ ಒಣಗಿ ಗೆರೆ ಬೀಳುತ್ತದೆ.

ಉತ್ತರ: ಮೂರಕ್ಕೂ ಮದ್ದಿದೆ. ಬಂಡೆಗೆ ಕಪ್ಪು ಬಿಳಿ ಕಲಸಿದ ಬೂದಿ ಹಚ್ಚಿದರೆ ಸಿಮೆಂಟೇ ಆಗುವುದು. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಎರಡು ಪಾಲು, ಅಲ್ಟ್ರಾಮರೀನ್ ನೀಲಿ ಒಂದು ಪಾಲು: ಇದು ಬಿಸಿಲ ಕಡೆಗೆ, ನೀರು ಹೆಚ್ಚಿಟ್ಟು ತೆಳ್ಳಗೆ. ನೆರಳ ಕಡೆಗೆ ಪಾಲು ತಿರುಗಿಸಿ, ನೀಲಿ ಎರಡು, ಕಂದು ಒಂದು. ತಟ್ಟೆಯಲ್ಲಿ ಪೂರ್ತಿ ಕಲಸಬೇಡಿ, ಅರ್ಧ ಬೆರಕೆಯಾಗಿ ಹಾಳೆಯ ಮೇಲೆ ಸೇರಲಿ. ಕಲ್ಲಿನ ಜೀವ ಆ ಅರೆಬೆರಕೆಯಲ್ಲಿದೆ. ಬಂಡೆಯ ಬುಡಕ್ಕೆ ಕೆಮ್ಮಣ್ಣಿನ ಪ್ರತಿಫಲನ ಬಿದ್ದಿರುತ್ತದೆ, ನೆರಳಿನ ತಳದಲ್ಲಿ ಸ್ವಲ್ಪ ಕೆಂಪು ಮರೆಯದಿರಿ. ಮಳೆನೀರು ಇಳಿದ ಜಾಡಿನಲ್ಲಿ ಪಾಚಿ ಒಣಗಿ ಕಪ್ಪು ಪಟ್ಟೆಗಳಾಗಿರುತ್ತವೆ. ಅವನ್ನು ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಬಿಡಿ. ಬಂಡೆಯ ಉಬ್ಬು ತಗ್ಗು ತಾನಾಗಿ ಬರುತ್ತದೆ. ಉಪ್ಪು ಎರಚುವ ಉಪಾಯ ಇಲ್ಲಿ ಬೇಡ, ದುರ್ಗದಲ್ಲಿ ಹಿಮ ಬಿದ್ದಂತೆ ಕಾಣುತ್ತದೆ.

ಹಸಿರು ಪ್ಲಾಸ್ಟಿಕ್ ಆಗುವುದು ಟ್ಯೂಬಿನ ಹಸಿರನ್ನು ನೇರ ಹಚ್ಚಿದಾಗ. ನಿಂಬೆ ಹಳದಿಗೆ ಅಲ್ಟ್ರಾಮರೀನ್ ಸೇರಿಸಿ, ಕುಂಚದ ತುದಿಯಷ್ಟು ಬರ್ನ್ಟ್ ಸಿಯೆನ್ನಾ ಹಾಕಿ. ಹತ್ತಿರದ ಪೊದೆಗೆ ಹಳದಿ ಮುಂದು, ದೂರದ ಗುಡ್ಡಕ್ಕೆ ನೀಲಿ ಮುಂದು. ಮಳೆ ಬಿಟ್ಟ ಮಾರನೆ ಬೆಳಿಗ್ಗೆ ಗುಡ್ಡಗಳ ಪದರ ಎಣಿಸಿದರೆ ಮೂರು ನಾಲ್ಕು ಸಿಗುತ್ತವೆ, ಒಂದೊಂದಕ್ಕೂ ನೀರು ಹೆಚ್ಚಿಸುತ್ತಾ ಹಿಂದಕ್ಕೆ ಹೋಗಿ. ಬೇಸಿಗೆಯಲ್ಲಿ ಇದೇ ಗುಡ್ಡ ಎಲೆ ಉದುರಿಸಿ ಕಂದು ಹಳದಿಗೆ ತಿರುಗುತ್ತದೆ. ಆಗ ಯೆಲ್ಲೊ ಓಕರ್ ಎಂಬ ಮಣ್ಣು ಹಳದಿಯೇ ಮುಖ್ಯ ಬಣ್ಣ, ಹಸಿರು ಬರೀ ಒಗ್ಗರಣೆಯಷ್ಟು. ಮಾರ್ಚ್‌ನಲ್ಲೇ ಹೊಂಗೆ ಚಿಗುರುತ್ತದೆ, ಒಣ ಬಯಲಿನಲ್ಲಿ ಅದೊಂದೇ ಎಳೆಹಸಿರು. ಚಿತ್ರದ ಕಣ್ಣು ಅಲ್ಲೇ ನಿಲ್ಲಲಿ.

ಒಣಗುವ ತೊಂದರೆಗೆ ಮೊದಲ ಮದ್ದು ಹೊತ್ತು: ಒಂಬತ್ತರೊಳಗೆ ಮುಗಿಸಿ, ಇಲ್ಲವೇ ನಾಲ್ಕೂವರೆ ನಂತರ ಕೂರಿ. ನಡುಹಗಲಿನ ಬೆಳಕಿಗೆ ನೆರಳೂ ಇಲ್ಲ, ಆಕಾರವೂ ಇಲ್ಲ. ಹಾಳೆಯನ್ನು ಎರಡೂ ಕಡೆ ಒದ್ದೆ ಮಾಡಿ ಹಲಗೆಗೆ ಅಂಟಿಸಿ. ಆಕಾಶಕ್ಕೆ ಬೇಕಾದ ಬಣ್ಣವನ್ನು ಮೊದಲೇ ಪೂರ್ತಿ ಕಲಸಿಟ್ಟುಕೊಳ್ಳಿ, ನಡುವೆ ಕಲಸಲು ನಿಂತಿರೋ ಗೆರೆ ಬಿದ್ದಂತೆ. ದೊಡ್ಡ ಕುಂಚ, 12ನೇ ನಂಬರಿನದು, ಹಿಡಿಯಿರಿ. ಒಂದು ಲೋಟ ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಹಾಕಿದರೂ ಒಣಗುವುದು ತಡವಾಗುತ್ತದೆ, ಆದರೆ ಮಳೆಗಾಲದಲ್ಲಿ ಹಾಕಬೇಡಿ, ಚಿತ್ರ ಅಂಟಂಟಾಗಿಯೇ ಉಳಿಯುತ್ತದೆ. ಅರೆ ಒಣಗಿದ ಬಣ್ಣಕ್ಕೆ ಮತ್ತೆ ಒದ್ದೆ ಕುಂಚ ಮುಟ್ಟಿಸಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಕೆಟ್ಟರೂ ಕೈಕಟ್ಟಿ ಕೂತು, ಪೂರ್ತಿ ಒಣಗಿದ ಮೇಲೆ ಸರಿಮಾಡಿ.

ಪ್ರಶ್ನೆ: ಕಾಗದ ಎಂಥದ್ದು ಕೊಳ್ಳಬೇಕು? ಕಳೆದ ವರ್ಷ ಬರೆದ ಗುಲ್‌ಮೊಹರಿನ ಕೆಂಪು ಈಗಲೇ ಬಿಳಚಿದೆ. (ಚನ್ನಗಿರಿ)

ಉತ್ತರ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದ. ಅದಕ್ಕಿಂತ ತೆಳು ಆದರೆ ಅಲೆಅಲೆಯಾಗಿ ಏಳುತ್ತದೆ. ಅಭ್ಯಾಸಕ್ಕೆ ಹತ್ತಿ ಕಾಗದವೇ ಆಗಬೇಕಿಲ್ಲ. ಕೆಂಪಿಗೆ ಟ್ಯೂಬಿನ ಹಿಂಬದಿಯ ವರ್ಣದ್ರವ್ಯದ ಸಂಕೇತ ಓದಿ: ಪಿಆರ್ 83 ಎಂದಿದ್ದರೆ ಅದು ಬೆಳಕಿಗೆ ಮಾಸುವ ಅಲಿಜರಿನ್ ಕೆಂಪು. ಬದಲಿಗೆ ಪಿವಿ 19 ಇರುವ ಕೆಂಪು ಕೊಳ್ಳಿ. ಬಿಸಿಲು ಬೀಳುವ ಗೋಡೆಗೆ ಯಾವ ಜಲವರ್ಣವನ್ನೂ ತೂಗಬೇಡಿ.

ಪ್ರಶ್ನೆ: ಹಾರುವ ಹಕ್ಕಿ ಕೈಗೆ ಸಿಗುವುದಿಲ್ಲ. ಒಂದು ಗಿಳಿ ತಂದು ಪಂಜರದಲ್ಲಿಟ್ಟು ಬರೆಯಲೇ? (ಚಳ್ಳಕೆರೆ)

ಉತ್ತರ: ಬೇಡವೇ ಬೇಡ. ನಮ್ಮ ನಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪಂಜರದ ಹಕ್ಕಿಗೆ ಮೈ ಕುಗ್ಗಿ, ಬಾಲದ ತುದಿ ಸರಳಿಗೆ ಉಜ್ಜಿ ಸವೆದಿರುತ್ತದೆ. ನೀವು ಬರೆಯುವುದೂ ಅದನ್ನೇ. ಸೂರ್ಯಕಾಂತಿ ಹಾಲುಗಾಳು ಕಟ್ಟುವ ಹೊತ್ತಿಗೆ ಯಾವುದಾದರೂ ಹೊಲಕ್ಕೆ ಹೋಗಿ, ಯಜಮಾನರನ್ನು ಕೇಳಿ ಬದುವಿನ ಮೇಲೆ ಕೂರಿ. ಗಿಳಿ ಹಿಂಡು ತಲೆಕೆಳಗಾಗಿ ತೆನೆಗೆ ನೇತಾಡುವುದು, ಒಂದು ಕಾಲಲ್ಲಿ ಕಾಳು ಹಿಡಿದು ಸುಲಿಯುವುದು ಹತ್ತೇ ನಿಮಿಷದಲ್ಲಿ ಸಿಗುತ್ತದೆ. ಬೇಗ ಗೀಚಿಕೊಳ್ಳಿ, ಅಷ್ಟರಲ್ಲಿ ಅವರು ಡಬ್ಬ ಬಡಿಯುತ್ತಾರೆ.