ಮಳೆ ಕೈಯಲ್ಲಿಲ್ಲ, ಮದ್ದು ಹೊಡೆಯೋದು ಕೈಯಲ್ಲಿದೆ

ಕೈಯಲ್ಲಿ ಇಲ್ಲದ್ದನ್ನು ಒಪ್ಪಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಇಂಟರ್‌ವ್ಯೂ ಮುಗಿಸಿ ಉತ್ತರಕ್ಕೆ ಕಾಯುತ್ತಿದ್ದೀರಿ, ನಿದ್ದೆ ಬರುತ್ತಿಲ್ಲ. "ತಲೆ ಕೆಡಿಸ್ಕೋಬೇಡ, ಬಿಟ್ಟುಬಿಡು" ಅಂತ ಎಲ್ಲರೂ ಹೇಳುತ್ತಾರೆ, ಬಿಡೋಕೆ ಆಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಸುಮ್ನೆ ಬಿಟ್ಟುಬಿಡೋಕೆ ಯಾರಿಗೂ ಆಗುವುದಿಲ್ಲ. ನಮ್ಮ ಪಾಲಿನ ಕೆಲಸ ಎಲ್ಲಿಗೆ ಮುಗಿಯುತ್ತದೆ ಅನ್ನೋದು ಮೊದಲು ಗೊತ್ತಾಗಬೇಕು.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ನನಗೆ ಇದನ್ನು ಕಲಿಸಿದ್ದು ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗ.

ಆರಿದ್ರಾ, ಪುನರ್ವಸು ಮಳೆ ಬಿಡದೆ ಹಿಡಿದು, ನಡುವೆ ಅಷ್ಟಿಷ್ಟು ಬಿಸಿಲು ಬಂದರೆ ಕೊಳೆಗೆ ಹಬ್ಬ. ಎಳೆಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದ ಹಾಗೆ ಕಡು ಹಸಿರು ಕಲೆ ಬೀಳುತ್ತದೆ. ಆಮೇಲೆ ಕಾಯಿ ಉದುರಿ, ಮೈಮೇಲೆ ಬಿಳಿ ಬೂಷ್ಟು ಬರುತ್ತದೆ. ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ವರ್ಷದ ದುಡಿಮೆ ಬಿದ್ದಿರುತ್ತದೆ.

ಮಳೆಯನ್ನು ನಿಲ್ಲಿಸೋಕೆ ಆಗುತ್ತಾ? ಇಲ್ಲ. ಆದರೆ ಮಳೆಗಾಲ ಶುರುವಾಗುವ ಮುಂಚೆ ಬೋರ್ಡೋ ದ್ರಾವಣ ಹೊಡೆಯೋದು ನನ್ನ ಕೈಯಲ್ಲಿದೆ. ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಸೇರಿಸಿದ ಮೇಲೆ ಉಜ್ಜಿದ ಚಾಕು ಅದ್ದಿ ನೋಡುತ್ತೇನೆ. ಅಲಗಿನ ಮೇಲೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದುತ್ತೇನೆ. ಚಾಕು ಹಾಗೇ ಬೆಳ್ಳಗೆ ಬಂದರೆ ಸರಿ. ಅವತ್ತು ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. 40-45 ದಿನಕ್ಕೆ ಎರಡನೇ ಸಲ, ಮಳೆ ಬಿಡುವು ಕೊಟ್ಟು ಹೊಳವಾದಾಗ.

ಇಷ್ಟು ಮಾಡಿಯೂ ಕೆಲವು ವರ್ಷ ಕಾಯಿ ಉದುರುತ್ತದೆ. ಎರಡನೇ ಮದ್ದಿಗೆ ಒಂದು ದಿನವೂ ಹೊಳವಾಗುವುದಿಲ್ಲ. ಆಗ ಸಂಕಟ ಆಗುತ್ತದೆ. ಆಗಲಿ ಬಿಡಿ, ಒಪ್ಪಿಕೊಂಡವರಿಗೆ ದುಃಖ ಆಗಬಾರದು ಅಂತ ಏನೂ ಇಲ್ಲ. ಆದರೆ "ಅದೊಂದು ಮಾಡಿದ್ದರೆ" ಅಂತ ರಾತ್ರಿಯೆಲ್ಲ ಕೊರೆಯುವ ಯೋಚನೆ ಇರುವುದಿಲ್ಲ. ನಿದ್ದೆ ಕೆಡಿಸೋದು ನಷ್ಟಕ್ಕಿಂತ ಜಾಸ್ತಿ ಅದೇ ಅಲ್ವಾ?

ಇನ್ನೊಂದು ಮಾತು ಹೇಳಲೇಬೇಕು. "ಬರೋದು ಬಂದೇ ಬರುತ್ತೆ" ಅಂತ ಮದ್ದನ್ನೇ ಹೊಡೆಯದೆ ಕೂರುವವರೂ ಇದ್ದಾರೆ. ಅದನ್ನು ನಾನು ಒಪ್ಪಿಕೊಳ್ಳುವುದು ಅನ್ನೋದಿಲ್ಲ. ಕೈಯಲ್ಲಿ ಇಲ್ಲ ಅಂದುಕೊಂಡಿದ್ದರಲ್ಲಿ ಸ್ವಲ್ಪ ಭಾಗ ಕೈಗೆ ಸಿಗಲೂಬಹುದು. ಲೆಸ್ಲಿ ಕೋಲ್ಮನ್ ಅಂತ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದರು. 1910ರ ಸುಮಾರಿಗೆ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ, ಈ ದ್ರಾವಣದಿಂದ ಅದನ್ನು ತಡೆಯಬಹುದು ಅಂತ ತೋರಿಸಿದರು. ಅದಕ್ಕೂ ಮುಂಚೆ ಗೊನೆಗಳಿಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಹಿಂದಿನವರೂ ಕೈಕಟ್ಟಿ ಕೂತವರಲ್ಲ. ನನಗೆ ಅವರ ಮೇಲೆ ತುಂಬಾ ಗೌರವ.

ಅಡಿಕೆ ದರದ ವಿಷಯದಲ್ಲೂ ಹೀಗೇ. ಶಿವಮೊಗ್ಗ ಮಾರುಕಟ್ಟೆಯ ರೇಟು ನಾನು ಮೊಬೈಲ್ ನೋಡುತ್ತಾ ಕೂತರೆ ಏರುವುದಿಲ್ಲ. ಸಾಲದ ಕಂತಿಗೆ, ಮನೆ ಖರ್ಚಿಗೆ ಬೇಕಾದಷ್ಟನ್ನು ಸುಲಿದು ಒಣಗಿಸಿದ ಕೂಡಲೇ ಮಾರುತ್ತೇನೆ. ಉಳಿದದ್ದನ್ನು ಮೂಟೆ ಕಟ್ಟಿ ಇಟ್ಟು, ವಾರಕ್ಕೊಮ್ಮೆ ದರ ನೋಡುತ್ತೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಇಂಟರ್‌ವ್ಯೂ ಆಗಿಹೋಯಿತು, ನಿಮ್ಮ ಪಾಲಿನದು ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಉಳಿದಿರುವುದು ಒಂದೇ: ಉತ್ತರ ಕೊಡುತ್ತೇವೆ ಅಂದ ದಿನ ದಾಟಿದರೆ ಒಂದು ಮೇಲ್ ಹಾಕಿ ವಿಚಾರಿಸೋದು. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅದಕ್ಕೂ ಮುಂಚೆ ಗಳಿಗೆಗೊಮ್ಮೆ ಇನ್‌ಬಾಕ್ಸ್ ತೆಗೆದು ನೋಡಬೇಡಿ. ಅವರು ಕೇಳಿದ ಪ್ರಶ್ನೆಗಳಲ್ಲಿ ನಿಮಗೆ ಕಷ್ಟ ಆದದ್ದು ಇನ್ನೂ ನೆನಪಿರುತ್ತದೆ, ಇವತ್ತೇ ಬರೆದಿಟ್ಟುಕೊಂಡು ಓದಿ. ಜೊತೆಗೆ ಇನ್ನೆರಡು ಕಡೆ ಅರ್ಜಿಯನ್ನೂ ಹಾಕಿಬಿಡಿ. ಈ ಕೆಲಸ ಸಿಕ್ಕರೆ ತಿಳಿಸಿ, ಖುಷಿಯಾಗುತ್ತದೆ. ಸಿಗದಿದ್ದರೂ ಇಲ್ಲೇ ಬರೆಯಿರಿ, ಮುಂದೇನು ಅಂತ ಮಾತಾಡೋಣ.